ಗೋಡೆಯಾಚೆಯ ಹುಟ್ಟುಹಬ್ಬ

ಬಾಗಿಲಿಗೆ ಅಂಟಿಸಿದ್ದ ಹೆಸರಿನ ಎಲೆಯ ಒಂದು ತುದಿ ಮಾತ್ರ ಎದ್ದು ಬಂದಿತ್ತು. ಐಲಾ ಅದರಡಿಗೆ ಉಗುರು ತೂರಿಸಿ, ಬಾಗಿಲಿನ ಬಣ್ಣ ಕಿತ್ತು ಬರದ ಹಾಗೆ ಮೆಲ್ಲಗೆ ಎಬ್ಬಿಸುತ್ತಿದ್ದಳು. ಮೇಪಲ್ ಎಲೆಯ ಆಕಾರಕ್ಕೆ ಕತ್ತರಿಸಿದ ಕಿತ್ತಳೆ ಬಣ್ಣದ ರಟ್ಟು. ಅದರ ಮೇಲೆ ದಪ್ಪಕ್ಷರದಲ್ಲಿ ರಾನಿಯಾ, ಕೆಳಗೆ ಕಾರ್ಲಿಸ್. ಎದುರು ಕೋಣೆಯ ಡೆಸ್ಮಂಡನ ಎಲೆ ಆಗಲೇ ಕಿತ್ತು ಬಂದು ಅವಳ ಸ್ವೆಟರಿನ ಜೇಬು ಸೇರಿತ್ತು.

ಶನಿವಾರದ ಬೆಳಿಗ್ಗೆ. ಮಧ್ಯಾಹ್ನ ಫುಟ್‌ಬಾಲ್ ಪಂದ್ಯವಿದ್ದುದರಿಂದ ಹಾಸ್ಟೆಲಿನ ಅರ್ಧ ಜನ ಮುಖಕ್ಕೆ ಬಣ್ಣ ಬಳಿದುಕೊಂಡು ಕ್ರೀಡಾಂಗಣದ ಕಡೆ ಹೋಗಿಯಾಗಿತ್ತು; ಉಳಿದರ್ಧ ಇನ್ನೂ ಎದ್ದಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತಿನ ಮುಂಚೆ ಫೋನ್ ಮಾಡಿದ್ದಳು. ದೊಡ್ಡ ಸೇತುವೆ ದಾಟಿಯಾಯಿತು, ಗಾಳಿಗೆ ಗಾಡಿ ವಾಲಾಡಿ ಜೀವ ಬಾಯಿಗೆ ಬಂದಿತ್ತು, ಊಟದ ಹೊತ್ತಿಗೆ ಅಲ್ಲಿರುತ್ತೇನೆ ಎಂದಿದ್ದಳು. ಮಗಳಿಗೆ ಆಶ್ಚರ್ಯವಾಗಲಿ ಎಂದು ಹೇಳದೆ ಕೇಳದೆ ಹೊರಟಿದ್ದಳು. ನಿನ್ನ ಸ್ನೇಹಿತರನ್ನೆಲ್ಲ ನೋಡಬೇಕು, ಎಲ್ಲರಿಗೂ ತಿನ್ನಲಿಕ್ಕೆ ತರುತ್ತಿದ್ದೇನೆ ಎಂದು ಬೇರೆ ಹೇಳಿದ್ದಳು.

ಒಳಗಿನಿಂದ ಚಿಲಕ ಸರಿಯಿತು. ಐಲಾ ಕೈ ತೆಗೆಯುವಷ್ಟರಲ್ಲಿ ಬಾಗಿಲು ತೆರೆದು, ಹಲ್ಲುಜ್ಜುವ ಬ್ರಷ್ ಕಚ್ಚಿಕೊಂಡ ರಾನಿಯಾ ಎದುರಿಗೆ ನಿಂತಿದ್ದಳು.

“ಏನ್ ಮಾಡ್ತಿದೀಯ?”

“ಬಿದ್ದುಹೋಗೋ ಹಾಗಿತ್ತು.” ಐಲಾ ಅಂಗೈಯಿಂದ ಎಲೆಯನ್ನು ಬಾಗಿಲಿಗೆ ಒತ್ತಿದಳು. “ಅಂಟಿಸ್ತಿದ್ದೆ.”

ರಾನಿಯಾ ಎಲೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು. “ಓ. ಥ್ಯಾಂಕ್ಸ್, ಐವಿ,” ಎಂದು ಚಪ್ಪಲಿ ಎಳೆದುಕೊಂಡು ಸ್ನಾನದ ಕೋಣೆಯ ಕಡೆ ಹೋದಳು.

ಐವಿ ಅಲ್ಲ, ಐಲಾ. ಹಾಗೆಂದು ತಿದ್ದುವುದಕ್ಕೂ ಅವಳಿಗೆ ಬಾಯಿ ಬರಲಿಲ್ಲ. ಒಂದೇ ಗೋಡೆಯ ಆಚೀಚೆ ಮಲಗಲು ತೊಡಗಿ ಎರಡು ತಿಂಗಳಾಗುತ್ತ ಬಂದಿತ್ತು. ಅಷ್ಟರಲ್ಲಿ ಅವರಿಬ್ಬರ ನಡುವೆ ನಡೆದ ಅತಿ ದೊಡ್ಡ ಮಾತುಕತೆ ಇದೇ.

ಅವಳು ಬಂದದ್ದು ಸುಪೀರಿಯರ್ ಸರೋವರದ ದಂಡೆಯ ಒಂದು ಸಣ್ಣ ಬಂದರಿನಿಂದ. ಅಪ್ಪ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ. ಹಿಮ ಕಟ್ಟಿ ಸರೋವರ ಮುಚ್ಚುವವರೆಗೆ ಮನೆಗೆ ಬರುತ್ತಿದ್ದುದೇ ಅಪರೂಪ. ಅಮ್ಮ ಲೋರೀನ್ ಊರಿನ ಶಾಲೆಯ ಅಡುಗೆಮನೆಯಲ್ಲಿದ್ದಳು. ತನ್ನ ಕಾಲದಲ್ಲಿ ಅವಳಿಗೂ ಇದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಅದೇ ಬೇಸಿಗೆಯಲ್ಲಿ ಅವಳಪ್ಪ ಮರ ಕಡಿಯುವಾಗ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ. ಲೋರೀನ್ ಊರಿನಲ್ಲಿಯೇ ಉಳಿದಳು. ಆ ಬಗ್ಗೆ ಅವಳು ಗೋಳಾಡಿದ್ದನ್ನು ಯಾರೂ ಕೇಳಿಲ್ಲ. ಐಲಾಳನ್ನು ಬಸ್ಸು ಹತ್ತಿಸುವಾಗ ಮಾತ್ರ, ಹೆಗಲ ಮೇಲಿನ ಚೀಲದ ಪಟ್ಟಿ ಸರಿಮಾಡುತ್ತ, ಪುಸ್ತಕ ಹಿಡಿದು ಮೂಲೆಯಲ್ಲಿ ಕೂತುಬಿಡಬೇಡ ಕಣೇ, ಅಲ್ಲಿ ಏನೇನಿದೆಯೋ ಎಲ್ಲವನ್ನೂ ಅನುಭವಿಸಿಕೊಂಡು ಬಾ ಎಂದಿದ್ದಳು.

ಮೊದಲ ದಿನ ಡೀನ್ ಹೇಳಿದ್ದೂ ಅದನ್ನೇ. ಕ್ರೀಡಾಂಗಣದ ತುಂಬ ಕೂತ ಹೊಸಬರಿಗೆ, ಇವು ನಿಮ್ಮ ಜೀವನದ ಅತ್ಯಂತ ಸುಂದರ ವರ್ಷಗಳು, ಒಂದು ದಿನವನ್ನೂ ವ್ಯರ್ಥ ಮಾಡಬೇಡಿ ಎಂದು ಅವರು ಕೈ ಎತ್ತಿ ಹೇಳಿದಾಗ ಎಲ್ಲರ ಜೊತೆ ಐಲಾ ಕೂಡ ಚಪ್ಪಾಳೆ ತಟ್ಟಿದ್ದಳು. ಆ ಮಾತನ್ನು ಅವಳಷ್ಟು ಗಂಭೀರವಾಗಿ ತೆಗೆದುಕೊಂಡವರು ಅಲ್ಲಿ ಯಾರಿದ್ದರೋ. ಹುಲ್ಲುಹಾಸಿನ ಮೇಲೆ ಸಾಲು ಮೇಜು ಹಾಕಿಕೊಂಡು ಕೂತಿದ್ದ ಸಂಘಗಳಿಗೆಲ್ಲ ಹೆಸರು ಕೊಟ್ಟಳು. ದೋಣಿ ನಡೆಸುವ ತಂಡದವರ ಜೊತೆ ಒಂದು ಬೆಳಿಗ್ಗೆ ಹೋದಳು; ಅವಳ ಹುಟ್ಟು ಲಯ ತಪ್ಪಿ ಮುಂದೆ ಕೂತವಳ ಬೆನ್ನಿಗೆ ಬಡಿಯಿತು. ಮರುದಿನ ಹೋದಾಗ ಜಾಗ ಭರ್ತಿಯಾಗಿದೆ ಎಂದರು. ಊರಿನ ಚರ್ಚಿನಲ್ಲಿ ಚಿಕ್ಕಂದಿನಿಂದ ಹಾಡಿದ ಹುಡುಗಿ, ಇಲ್ಲಿಯ ಗಾಯಕವೃಂದದ ಪರೀಕ್ಷೆಗೆ ನಿಂತಾಗ ಮೊದಲ ಸಾಲಿಗೇ ಗಂಟಲು ಒಣಗಿ, ಕ್ಷಮಿಸಿ ಎಂದು ಹೊರಗೆ ಬಂದುಬಿಟ್ಟಳು. ಗ್ರಂಥಾಲಯದಲ್ಲಿ ತನ್ನದೇ ತರಗತಿಯವರು ಗುಂಪಾಗಿ ಓದುತ್ತಿದ್ದ ಮೇಜಿಗೆ ಹೋಗಿ ಕೂತುಕೊಳ್ಳಬಹುದೇ ಎಂದು ಕೇಳಿದಳು. ಯಾರೋ ಬರುವವರಿದ್ದಾರೆ ಎಂದರು. ಅವಳು ದೂರದ ಮೇಜಿನಲ್ಲಿ ಕೂತು ಸಂಜೆಯವರೆಗೆ ಆ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ಯಾರೂ ಬರಲಿಲ್ಲ.

ಅಲ್ಲಿಂದ ಮುಂದೆ ಅವಳು ಮೆಸ್ಸಿನ ಬಾಗಿಲು ತೆಗೆಯುತ್ತಿದ್ದ ಹಾಗೆ, ಗುಂಪು ಬರುವ ಮೊದಲೇ, ಗಬಗಬ ತಿಂದು ಬರತೊಡಗಿದಳು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಂದ ಹೊರಬೀಳುತ್ತಿದ್ದ ಮಾತೆಂದರೆ, ದಾರಿ ಬಿಡಿ ಎನ್ನುವುದೊಂದೇ. ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ತನ್ನ ದನಿಯೇ ತನಗೆ ಬೇರೆಯವರದ್ದೆನಿಸುತ್ತಿತ್ತು.

ಸುಳ್ಳು ಶುರುವಾದದ್ದು ಹಾಗೆ. ಇವತ್ತು ಯಾರ ಜೊತೆ ಊಟ ಮಾಡಿದೆ ಎಂದು ಅಮ್ಮ ಕೇಳಿದ ಹೊತ್ತಿಗೆ ಗೋಡೆಯಾಚೆ ನಗು ಕೇಳಿಸಿತು; ಕಾರ್ಲಿಸ್ ಎಂದು ಯಾರೋ ಕೂಗಿದರು. ಕಾರ್ಲಿಸ್ ಅಂತ ಪಕ್ಕದ ರೂಮಿನವಳು ಎಂದು ಐಲಾಳ ಬಾಯಿಂದ ಬಂದುಬಿಟ್ಟಿತು. ಅಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹೇಗಿದ್ದಾಳೆ, ಎತ್ತರವೇ, ಏನು ಓದುತ್ತಾಳೆ, ಜೊತೆಗೆ ಇನ್ಯಾರಿದ್ದಾರೆ? ಆ ಪ್ರಶ್ನೆಗಳಿಗೆಲ್ಲ ಉತ್ತರ ಗೋಡೆಯಾಚೆ ಇತ್ತು. ಕಿವಿ ಹಚ್ಚಬೇಕಾಗಿಯೂ ಇರಲಿಲ್ಲ, ತೆಳ್ಳನೆಯ ಗೋಡೆ. ಕಾರ್ಲಿಸ್ ದೋಣಿ ತಂಡದವಳು, ಮುಂಜಾನೆ ಎದ್ದು ಬೂಟು ಕುಟ್ಟುತ್ತ ಹೋಗುತ್ತಾಳೆ. ರಾನಿಯಾ ದಕ್ಷಿಣದ ಕಾರಿನ ಕಾರ್ಖಾನೆಗಳ ಊರಿನವಳು, ಲೆಬನಾನಿನಿಂದ ಬಂದ ಮನೆತನ, ಅಜ್ಜಿಯ ಕೈಯಲ್ಲಿ ಬೆಳೆದವಳು, ಮೆಸ್ಸಿನ ಮಾಂಸ ಮುಟ್ಟುವುದಿಲ್ಲ. ಎದುರು ಕೋಣೆಯ ಡೆಸ್ಮಂಡ್ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾನೆ.

ಸೆಪ್ಟೆಂಬರಿನಲ್ಲಿ ರಾನಿಯಾಳ ಹುಟ್ಟುಹಬ್ಬ ಬಂತು. ಆ ಸಂಜೆ ಐಲಾ ತಾನು ಕೋಣೆಯಲ್ಲಿರುವುದು ಗೊತ್ತಾಗದಿರಲಿ ಎಂದು ದೀಪ ಆರಿಸಿ ಕೂತಿದ್ದಳು. ಗೋಡೆಯಾಚೆ ಕೇಕು ಕೈಜಾರಿ ನೆಲದ ಮೇಲೆ ಬೋರಲು ಬಿತ್ತು, ಎಲ್ಲರೂ ಚಮಚ ಹಿಡಿದು ಅಲ್ಲಿಂದಲೇ ತಿಂದರು, ಡೆಸ್ಮಂಡ್ ತುತ್ತೂರಿ ಊದಿದ, ಮೇಲ್ವಿಚಾರಕಿ ಸ್ನಾನದ ನಿಲುವಂಗಿಯಲ್ಲೇ ಓಡಿಬಂದಳು; ಅವರ ಕೂಗಾಟದಲ್ಲಿ ಎಲ್ಲವೂ ಕೇಳಿಸುತ್ತಿತ್ತು. ಮರುದಿನ ಐಲಾ ಇದೆಲ್ಲವನ್ನೂ ಅಮ್ಮನಿಗೆ ಹೇಳಿದಳು. ತನ್ನ ಚಮಚವನ್ನೂ ಸೇರಿಸಿ ಹೇಳಿದಳು. ಕೊನೆಗೆ ಎಲ್ಲರೂ ಒತ್ತಾಯ ಮಾಡಿದ್ದರಿಂದ ನಮ್ಮ ಕಡೆಯ ಹಳೇ ಹಾಡೊಂದನ್ನು ಹಾಡಿದೆ ಎಂದಳು. ಅಮ್ಮ ನಕ್ಕು ನಕ್ಕು ಕೆಮ್ಮಿದಳು; ಮರುದಿನ ಅದನ್ನೇ ಇನ್ನೊಮ್ಮೆ ಹೇಳಿಸಿದಳು.

ಇನ್ನೊಂದು ಸಂಜೆ ರಾನಿಯಾ ಒಬ್ಬಳೇ ಇದ್ದಳು. ಸೊಂಟದ ಆಪರೇಷನ್ ಆದ ಅಜ್ಜಿ ಎಚ್ಚರವಾದ ಮೇಲೆ ತನ್ನನ್ನು ಗುರುತಿಸಲಿಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳಿ, ಫೋನ್ ಇಟ್ಟಮೇಲೆ ಬಹಳ ಹೊತ್ತು ಅತ್ತಳು. ಐಲಾ ಈಚೆ ಬದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಆ ಅಳು ನಿಲ್ಲುವವರೆಗೆ ನೆಲದ ಮೇಲೆ ಕೂತಿದ್ದಳು. ಅಮ್ಮನಿಗೆ ಮಾತ್ರ ಬೇರೆ ಥರ ಹೇಳಿದಳು.

ಆ ಶನಿವಾರ ಅಮ್ಮ ಬಂದಾಗ ಮಧ್ಯಾಹ್ನದ ಬಿಸಿಲಿತ್ತು. ಹಳೇ ಪಿಕಪ್ ಗಾಡಿಯನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿ, ಮೀನಿಗೆ ಹೋಗುವಾಗ ಒಯ್ಯುವ ನೀಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹೊತ್ತು ಹಾಸ್ಟೆಲಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಬಟ್ಟೆ ಮಾತ್ರ ಚರ್ಚಿಗೆ ಹೋಗುವಂಥದ್ದು. ಐಲಾಳನ್ನು ತಬ್ಬಿಕೊಂಡು, ಬೆನ್ನ ಮೂಳೆ ತಡವಿ, “ಏನೇ ಇದು, ಹೀಗೆ ಒಣಗಿದೀಯ. ಕುಣಿದಾಟ ಜಾಸ್ತಿಯಾಯ್ತು ಅನ್ಸುತ್ತೆ,” ಎಂದಳು.

ಎಲ್ಲರೂ ಪಂದ್ಯಕ್ಕೆ ಹೋಗಿದ್ದಾರೆ, ಬರುವಾಗ ಕತ್ತಲಾಗಬಹುದು ಎಂದು ಐಲಾ ಮೊದಲೇ ಹೊಂದಿಸಿಟ್ಟುಕೊಂಡ ಮಾತನ್ನು ಹೇಳಿದಳು. ಅಮ್ಮನ ಮುಖ ಸ್ವಲ್ಪ ಬಾಡಿತು. ದಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಳ್ಳಬೇಕಾದ್ದರಿಂದ ಅವಳು ಕತ್ತಲಾಗುವ ಮುಂಚೆ ಹೊರಡಬೇಕಿತ್ತು. ಆಗಲಿ, ಅಷ್ಟರೊಳಗೆ ಊರು ತೋರಿಸು ಎಂದಳು. ಡಬ್ಬಿಯನ್ನು ಕೋಣೆಯಲ್ಲಿಟ್ಟು ಐಲಾ ಅವಳನ್ನು ಹೊರಗೆ ಕರೆದುಕೊಂಡು ಹೋದಳು, ಎಷ್ಟು ದೂರ ಸಾಧ್ಯವೋ ಅಷ್ಟು ದೂರ.

ಅಮ್ಮ ಎಲ್ಲವನ್ನೂ ಮುಟ್ಟಿ ನೋಡಿದಳು. ಗ್ರಂಥಾಲಯದ ಕಲ್ಲಿನ ಕಂಬ, ಗಂಟೆ ಗೋಪುರದ ಕಟಕಟೆ. ರಸಾಯನಶಾಸ್ತ್ರದ ದೊಡ್ಡ ಉಪನ್ಯಾಸ ಮಂದಿರಕ್ಕೆ ಬೀಗ ಇರಲಿಲ್ಲ. ಖಾಲಿ ಸಾಲುಗಳ ನಡುವೆ ಇಳಿದು ಹೋಗಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ಮಡಚುವ ಹಲಗೆಯನ್ನು ತೊಡೆಯ ಮೇಲೆಳೆದುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕೂತಳು. ನೀನು ಎಲ್ಲಿ ಕೂರುತ್ತೀ ಎಂದು ಕೇಳಿದಳು. ಐಲಾ ನಡುವಿನ ಸಾಲೊಂದನ್ನು ತೋರಿಸಿದಳು. ಪಕ್ಕದಲ್ಲಿ ಕಾರ್ಲಿಸ್ ಕೂರುತ್ತಾಳಾ ಎಂದು ಅಮ್ಮ ಕೇಳಿದಾಗ ಅವಳು ಹೌದೆಂದು ತಲೆಯಾಡಿಸಿದಳು. ಅಮ್ಮ ಕಪ್ಪು ಹಲಗೆಯ ಕಡೆ ತಿರುಗಿ ಕೂತಳು. ದೂರದಿಂದ ಕ್ರೀಡಾಂಗಣದ ಗದ್ದಲ ಅಲೆಯಾಗಿ ಬಂದು ಹೋಗುತ್ತಿತ್ತು.

ಇಬ್ಬರೂ ಹಾಸ್ಟೆಲಿಗೆ ಮರಳಿದರು. ಇನ್ನು ಸ್ವಲ್ಪ ಹೊತ್ತು, ಆಮೇಲೆ ಅಮ್ಮ ಹೊರಟುಬಿಡುತ್ತಾಳೆ. ಐಲಾ ಸ್ನಾನದ ಕೋಣೆಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬರುವಷ್ಟರಲ್ಲಿ ಕೋಣೆ ಖಾಲಿಯಿತ್ತು. ಮಂಚದ ಮೇಲಿದ್ದ ನೀಲಿ ಡಬ್ಬಿಯೂ ಇರಲಿಲ್ಲ. ಅಮ್ಮನ ದನಿ ಗೋಡೆಯಾಚೆಯಿಂದ ಬರುತ್ತಿತ್ತು.

ಕಿತ್ತಳೆ ಎಲೆ ಬಾಗಿಲ ಮೇಲೆ ತನ್ನ ಜಾಗದಲ್ಲಿಯೇ ಇತ್ತು. ಅಮ್ಮ ರಾನಿಯಾಳ ಮಂಚದ ತುದಿಯಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ರಾನಿಯಾ ಓದುವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕಾಲು ಉಳುಕಿ ಪಂದ್ಯಕ್ಕೆ ಹೋಗದೆ ಉಳಿದಿದ್ದ ಕಾರ್ಲಿಸ್ ದಿಂಬಿನ ಮೇಲೆ ಪಾದ ಇಟ್ಟುಕೊಂಡು ಇನ್ನೊಂದು ಮಂಚದಲ್ಲಿದ್ದಳು.

“ನೋಡು, ಇವರೆಲ್ಲೂ ಹೋಗೇ ಇಲ್ಲ. ನಿನಗೇ ಗೊತ್ತಿಲ್ಲ,” ಎಂದಳು ಅಮ್ಮ. ಆಮೇಲೆ ರಾನಿಯಾಳ ಮೊಣಕಾಲ ಮೇಲೆ ಕೈಯಿಟ್ಟು, “ಅಜ್ಜಿ ಹೇಗಿದಾರಮ್ಮ ಈಗ? ಗುರುತು ಹಿಡೀತಾರಾ?” ಎಂದು ಕೇಳಿದಳು.

ರಾನಿಯಾ ಅಮ್ಮನ ತಲೆಯ ಮೇಲಿಂದ, ಬಾಗಿಲಲ್ಲಿ ನಿಂತ ಐಲಾಳನ್ನು ನೋಡಿದಳು. ಆ ನೋಟ ಅವಳನ್ನು ಅಲ್ಲೇ ಕಟ್ಟಿಹಾಕಿತು.

“ಸ್ವಲ್ಪ ಪರವಾಗಿಲ್ಲ, ಆಂಟಿ,” ಎಂದಳು ರಾನಿಯಾ ನಿಧಾನವಾಗಿ. “ನಿಮಗೆ ಹೇಗೆ ಗೊತ್ತಾಯ್ತು?”

“ಐಲಾ ಹೇಳದೆ ಇರ್ತಾಳಾ. ಅವತ್ತು ನೀನು ಅತ್ತಿದ್ದು, ಇವಳು ನಿದ್ದೆ ಬರೋತನಕ ನಿನ್ನ ಹತ್ರ ಕೂತಿದ್ದು, ಎಲ್ಲಾ ಹೇಳಿದ್ಲು. ನನಗೆ ಎರಡು ದಿನ ನಿದ್ದೆ ಬರ್ಲಿಲ್ಲ ಕಣಮ್ಮ. ಹೆತ್ತವರನ್ನ ಬಿಟ್ಟು ಬಂದ ಮಕ್ಕಳು, ಒಬ್ರಿಗೊಬ್ರು ಆಗ್ತಿದೀರಲ್ಲ, ಅಷ್ಟು ಸಾಕು ಅಂದ್ಕೊಂಡೆ.”

ಕಾರ್ಲಿಸ್ ಮೊಣಕೈ ಊರಿ ಎದ್ದು ಕೂತಳು. “ಯಾವತ್ತು? ನೀನು ನನಗೇನೂ ಹೇಳ್ಲೇ ಇಲ್ವಲ್ಲ, ರಾನಿಯಾ.” ಆಮೇಲೆ ಬಾಗಿಲ ಕಡೆ ಕಣ್ಣು ಹೊರಳಿಸಿದಳು. “ಇವಳು ಬಂದು ಕೂತಿದ್ಲಾ?”

ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಟಕಟಕ ಎಂದಿತು. ರಾನಿಯಾ ತನ್ನ ಬಳಿಯ ಗೋಡೆಯ ಕಡೆ ಒಮ್ಮೆ ತಿರುಗಿ, ಮತ್ತೆ ಐಲಾಳ ಮುಖಕ್ಕೆ ಬಂದಳು.

“ಹೌದು,” ಎಂದಳು. “ಕೂತಿದ್ಲು.”

ಅಮ್ಮ ಡಬ್ಬಿಯೊಳಗಿಂದ ಬಟ್ಟೆ ಸುತ್ತಿದ ಪ್ಯಾಸ್ಟಿಗಳನ್ನು ಒಂದೊಂದಾಗಿ ತೆಗೆದಳು. ಗಣಿ ಕೆಲಸಕ್ಕೆ ಹೋಗುವವರು ಕಟ್ಟಿಕೊಂಡು ಹೋಗುತ್ತಿದ್ದ, ಕಡುಬಿನ ಹಾಗೆ ಮಡಚಿ ಅಂಚು ಹೆಣೆದು ಸುಟ್ಟ ತಿನಿಸು. ಒಂದೊಂದರ ಮೇಲೂ, ಅವಳ ಕಡೆಯ ಪದ್ಧತಿಯಂತೆ, ತಿನ್ನುವವರ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲಿಯೇ ಕೊರೆದಿದ್ದಳು. ರಾನಿಯಾಳದಕ್ಕೆ ಮಾಂಸ ಹಾಕಿರಲಿಲ್ಲ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಮಾತ್ರ. ಚಾಕು, ಹಲಗೆ ಎಲ್ಲವನ್ನೂ ಬೇರೆ ತೊಳೆದುಕೊಂಡೇ ಮಾಡಿದ್ದೇನೆ ಎಂದಳು. ದೋಣಿ ನಡೆಸುವವಳಿಗೆ ಹಸಿವು ಹೆಚ್ಚು ಎಂದು ಕಾರ್ಲಿಸಳದ್ದು ಉಳಿದವಕ್ಕಿಂತ ದೊಡ್ಡದಿತ್ತು. ಡೆಸ್ಮಂಡನದನ್ನು, ಅವನು ಪಂದ್ಯದಿಂದ ಬಂದಮೇಲೆ ಬಿಸಿ ಮಾಡಿ ಕೊಡು ಎಂದು ಐಲಾಳ ಕೈಗಿತ್ತಳು.

ಎಲ್ಲರೂ ತಿಂದರು. ಐಲಾ ಬಾಗಿಲ ಬಳಿ ನೆಲದ ಮೇಲೆ ಕೂತು ಒಂದು ಚೂರನ್ನು ಬಾಯಲ್ಲಿ ಅತ್ತಿಂದಿತ್ತ ಹೊರಳಿಸುತ್ತಿದ್ದಳು. ಅಮ್ಮನಿಗೆ ಮಾತ್ರ ಮಾತು ತಡೆಯುತ್ತಿರಲಿಲ್ಲ. ಬೋರಲು ಬಿದ್ದ ಕೇಕು, ತುತ್ತೂರಿ, ಓಡಿಬಂದ ಮೇಲ್ವಿಚಾರಕಿ, ಎಲ್ಲವನ್ನೂ ಅವರಿಗೇ ಹೇಳಿ ತಾನೇ ನಕ್ಕಳು. ಅಡುಗೆಮನೆಯಲ್ಲಿ ತನ್ನ ಜೊತೆಯವರು ದಿನಾ ಬೆಳಿಗ್ಗೆ, ನಿನ್ನೆ ಏನಾಯಿತಂತೆ ಎಂದು ಕೇಳುತ್ತಾರೆ ಎಂದಳು. ಕಾರ್ಲಿಸಳ ಅಗಿಯುವುದು ನಿಧಾನವಾಗುತ್ತ ಬಂದು ನಿಂತೇಹೋಯಿತು. ಇದೆಲ್ಲ ನಡೆದದ್ದು ಹೌದು. ಯಾರ್ಯಾರು ಇದ್ದರೆಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಂತೆ ಕಂಡಿತು.

“ಕೊನೆಗೆ ನಮ್ಮ ಕಡೆ ಹಾಡು ಹಾಡಿಸಿದ್ರಂತಲ್ಲ ಇವಳ ಹತ್ರ,” ಎಂದಳು ಅಮ್ಮ. “ನಮ್ಮಜ್ಜಿ ಭಾಷೆ ಹಾಡು ಅದು. ನಿಮಗೆ ಅರ್ಥವಾಯ್ತೋ ಇಲ್ವೋ.”

“ಐವಿ ಹಾಡ್ತಾಳಾ?” ಎಂದಳು ಕಾರ್ಲಿಸ್.

ಅವಳು ಕೆಡುಕು ಎಣಿಸಿ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ರಾನಿಯಾ ತಟ್ಟನೆ ಅವಳ ಕಡೆ ತಿರುಗಿದಳು, ಆದರೆ ಮಾತು ಬಿದ್ದಾಗಿತ್ತು.

ಅಮ್ಮನ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಅವಳು ಕಾರ್ಲಿಸಳನ್ನು ನೋಡಿದಳು, ರಾನಿಯಾಳನ್ನು ನೋಡಿದಳು. ಐಲಾಳನ್ನು ಮಾತ್ರ ನೋಡಲಿಲ್ಲ. ಕೆನ್ನೆಯ ಮೇಲಿದ್ದ ನಗು ಏನು ಮಾಡಬೇಕೋ ತಿಳಿಯದೆ ಅಲ್ಲಿಯೇ ಸ್ವಲ್ಪ ಹೊತ್ತು ಉಳಿಯಿತು.

“ಹಾಡ್ತಾಳೆ,” ಎಂದಳು. “ಚೆನ್ನಾಗಿ ಹಾಡ್ತಾಳೆ.” ಮಡಿಲ ಮೇಲೆ ಬಿದ್ದ ಹಿಟ್ಟಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು ಎದ್ದಳು. ಇಬ್ಬರ ತಲೆಯನ್ನೂ ಮುಟ್ಟಿ, ಚೆನ್ನಾಗಿ ಓದಿಕೊಳ್ಳಿ ಎಂದಳು.

ಇಬ್ಬರೂ ಗಾಡಿಯ ಕಡೆ ನಡೆದರು. ಪಂದ್ಯ ಮುಗಿದು ಗೆದ್ದವರ ಹಿಂಡು ಎದುರಿನಿಂದ ಹಾಡುತ್ತ ಬರುತ್ತಿತ್ತು. ಅಮ್ಮ ಖಾಲಿ ಡಬ್ಬಿಯನ್ನು ಎದೆಗವಚಿಕೊಂಡು ದಾರಿಯ ಅಂಚಿಗೆ ಸರಿದಳು. ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ ಐಲಾಳಿಗೆ ತಡೆಯಲಾಗಲಿಲ್ಲ.

“ನನ್ನ ಕರ್ಕೊಂಡು ಹೋಗಮ್ಮ,” ಎಂದಳು. “ನಾನಿಲ್ಲಿ ಇರಲಾರೆ. ನಿನ್ನ ಜೊತೆ ಅಡುಗೆಮನೇಲಿ ಕೆಲಸ ಮಾಡ್ತೀನಿ, ಪಾತ್ರೆ ತೊಳೀತೀನಿ. ಇಲ್ಲಿ ಯಾರಿಗೂ ನಾನು ಇದೀನಿ ಅಂತಾನೇ ಗೊತ್ತಿಲ್ಲ. ನಾನು ಸತ್ತರೂ ವಾಸನೆ ಬರೋತನಕ ಯಾರೂ ಬಾಗಿಲು ತೆಗೆಯಲ್ಲ.”

“ಬಾಯಿ ಮುಚ್ಚು,” ಎಂದಳು ಅಮ್ಮ. ದನಿ ಗದರಿಸಿದಂತಿರಲಿಲ್ಲ, ಹೆದರಿದಂತಿತ್ತು.

ಐಲಾ ಮುಖ ಮುಚ್ಚಿಕೊಂಡು ಅತ್ತಳು. ಚಿಕ್ಕವಳಿದ್ದಾಗ ಅತ್ತಂತೆ, ಉಸಿರು ಕಟ್ಟಿ, ಮೂಗು ಸೋರಿ. ಎಷ್ಟು ಪ್ರಯತ್ನ ಮಾಡಿದೆ ಎಂದು ಹೇಳಲು ಹೊರಟಳು: ದೋಣಿ, ಹಾಡು, ಗ್ರಂಥಾಲಯದ ಕುರ್ಚಿ. ಹೇಳುತ್ತಿದ್ದ ಹಾಗೆ ಅವೆಲ್ಲ ಎಷ್ಟು ಸಣ್ಣ ಸಂಗತಿಗಳು ಎನಿಸಿ ಇನ್ನಷ್ಟು ನಾಚಿಕೆಯಾಯಿತು. ಅಮ್ಮ ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತ ಎಲ್ಲವನ್ನೂ ಕೇಳಿದಳು.

“ನಿಮ್ಮಪ್ಪ ಹಡಗಿಗೆ ಹೋದ್ಮೇಲೆ,” ಎಂದಳು ಕೊನೆಗೆ, “ಆ ಮನೇಲಿ ಸಂಜೆ ಆಗೋದೇ ಬೇಡ ಅನ್ಸುತ್ತೆ ಕಣೇ ನನಗೆ. ನಿನ್ನ ಫೋನ್ ಬರುತ್ತೆ ಅಂತ ಬೆಳಗ್ಗೆಯಿಂದ ಕಾಯ್ತಿದ್ದೆ. ಆ ಹುಡುಗೀರ ಜೊತೆ ನಾನೂ ಓಡಾಡ್ತಿದ್ದೆ. ಯಾರ ಜೊತೆ ಊಟ ಮಾಡ್ದೆ, ಯಾರ ಜೊತೆ ನಕ್ಕೆ ಅಂತ ಕೇಳ್ತಿದ್ನಲ್ಲ, ನಿನಗೋಸ್ಕರ ಕೇಳ್ತಿರ್ಲಿಲ್ಲ ನಾನು. ನನಗೆ ಬೇಕಾಗಿತ್ತು.”

ಐಲಾ ಮೂಗೊರೆಸಿಕೊಂಡು ಅವಳನ್ನು ನೋಡಿದಳು. ಅಮ್ಮನ ಚರ್ಚಿನ ಕೋಟಿನ ತೋಳಿನ ಮೇಲೆ ಹಿಟ್ಟಿನ ಬಿಳಿ ಇನ್ನೂ ಅಂಟಿಕೊಂಡಿತ್ತು.

“ಈಗ ಕರ್ಕೊಂಡು ಹೋದ್ರೆ ನೀನು ಅಲ್ಲೇ ಉಳೀತೀಯ. ನನಗ್ಗೊತ್ತು ಅದು ಹೇಗಾಗುತ್ತೆ ಅಂತ.” ಅಮ್ಮ ಕೀಲಿ ತಿರುಗಿಸಿದಳು, ಆದರೆ ಗಾಡಿ ಹೊರಡಿಸಲಿಲ್ಲ. “ಕ್ರಿಸ್‌ಮಸ್‌ತನಕ ಇರು. ಆಮೇಲೂ ಆಗಲ್ಲ ಅಂದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ, ಒಂದು ಮಾತೂ ಆಡಲ್ಲ. ಅಲ್ಲೀತನಕ ದಿನಾ ಫೋನ್ ಮಾಡು. ಏನೂ ಆಗಿಲ್ದಿದ್ರೆ ಏನೂ ಆಗಿಲ್ಲ ಅನ್ನು. ಯಾರೂ ಮಾತಾಡಿಸ್ಲಿಲ್ಲ ಅಂದ್ರೆ ಇಲ್ಲ ಅನ್ನು. ಕೇಳೋ ಶಕ್ತಿ ನನಗಿದೆ.”

ಐಲಾ ಇಳಿದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬಹಳ ಹೊತ್ತು ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಅಮ್ಮ ಕಿಟಕಿಯಿಂದ ಕೈ ಬೀಸಲಿಲ್ಲ. ಬೀಸದೆ ಹೋದದ್ದು ಅದೇ ಮೊದಲು.

ಅವಳು ನೇರವಾಗಿ ರಾನಿಯಾಳ ಕೋಣೆಗೆ ಹೋದಳು. ಆಗ ಹೋಗದಿದ್ದರೆ ಇನ್ನೆಂದೂ ಹೋಗಲಾರೆ ಎಂದು ಅವಳಿಗೆ ಗೊತ್ತಿತ್ತು. ಬಾಗಿಲು ಅರ್ಧ ಮಾತ್ರ ತೆರೆಯಿತು. ರಾನಿಯಾ ಹೊಸ್ತಿಲ ಮೇಲೆ ಕಾಲಿಟ್ಟು, ತೋಳು ಕಟ್ಟಿಕೊಂಡು ನಿಂತಳು. ಐಲಾ ತಪ್ಪಾಯಿತು ಎಂದಳು. ಅದನ್ನೇ ಮತ್ತೊಮ್ಮೆ ಹೇಳಿದಳು.

“ಗೋಡೆಗೆ ಕಿವಿ ಕೊಟ್ಟು ಕೂರ್ತಿದ್ಯಾ?”

“ಇಲ್ಲ. ಹಾಗೇ ಕೇಳಿಸ್ತಿತ್ತು.”

“ಅದು ನಮ್ಮಜ್ಜಿ ವಿಷಯ. ಕಾರ್ಲಿಸ್‌ಗೂ ನಾನು ಹೇಳಿರ್ಲಿಲ್ಲ. ನೀನು ಅದನ್ನ ತಗೊಂಡು ಹೋಗಿ ಕಥೆ ಮಾಡಿ ಹೇಳಿದೀಯ. ನಿಮ್ಮೂರಿನ ಅಡುಗೆಮನೆಗೆಲ್ಲ ಗೊತ್ತು ನಾನು ಅತ್ತಿದ್ದು.” ಅವಳ ದನಿ ಏರಲಿಲ್ಲ. ತುಟಿ ಮಾತ್ರ ಬಿಗಿದಿತ್ತು. “ನಿಮ್ಮಮ್ಮನ ಮುಖ ನೋಡಿ ಹೌದು ಅಂದೆ. ನಿನಗೋಸ್ಕರ ಅಲ್ಲ.”

ಐಲಾ ತಲೆಯಾಡಿಸಿದಳು.

ರಾನಿಯಾ ಬಾಗಿಲು ಹಾಕಲು ಹೋದವಳು ನಿಂತಳು. “ಅವತ್ತು ನಾನು ಅಳ್ತಿದ್ದಾಗ ನೀನು ನಿಜವಾಗ್ಲೂ ಅಲ್ಲೇ ಇದ್ದ್ಯಾ? ಆಚೆ ಕಡೆ?”

“ಇದ್ದೆ.”

“ಕೇಳಿಸ್ತಿತ್ತು ತಾನೇ?”

“ಹ್ಞೂಂ.”

“ಹಾಗಾದ್ರೆ ಬಂದು ಬಾಗಿಲು ತಟ್ಟಬಹುದಿತ್ತಲ್ವಾ,” ಎಂದಳು ರಾನಿಯಾ. “ನನಗೆ ಯಾರೂ ಇರ್ಲಿಲ್ಲ ಅವತ್ತು.”

ಬಾಗಿಲು ಮುಚ್ಚಿತು. ಜೋರಾಗಿ ಅಲ್ಲ, ಚಿಲಕ ಬಿದ್ದ ಸದ್ದು ಮಾತ್ರ ಕೇಳಿಸಿತು. ತಟ್ಟಬಹುದಿತ್ತು ಎನ್ನುವುದು ಆ ಸಂಜೆ ತನಗೆ ಹೊಳೆದೇ ಇರಲಿಲ್ಲ. ಅದು ಐಲಾಳಿಗೆ, ಬೈಸಿಕೊಂಡದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು. ಆ ಗೋಡೆಯ ಆಚೆ ಇದ್ದವರೆಲ್ಲ ಎಲ್ಲವೂ ಇದ್ದವರು, ತನ್ನಿಂದ ಏನೂ ಬೇಡದವರು ಎಂದೇ ಅವಳು ತಿಳಿದಿದ್ದಳು.

ಮರುದಿನ ಮಧ್ಯಾಹ್ನ ಪ್ಯಾಸ್ಟಿಯನ್ನು ಬಿಸಿ ಮಾಡಿಕೊಂಡು ಡೆಸ್ಮಂಡನ ಬಾಗಿಲು ತಟ್ಟಿದಳು. ಅವನು ನಿದ್ದೆಗಣ್ಣಿನಲ್ಲಿ ಬಂದು, ಪೊಟ್ಟಣ ಬಿಚ್ಚಿ, ಅದರ ಮೇಲಿನ ಅಕ್ಷರ ನೋಡಿದ.

“ಇದು ನನ್ನ ಹೆಸರಿನ ಅಕ್ಷರಾನಾ? ನಿಮ್ಮಮ್ಮಂಗೆ ನಾನು ಹೇಗೆ ಗೊತ್ತು?”

“ಅಮ್ಮಂಗೆ ಗೊತ್ತಿಲ್ಲ. ನೀನು ನನ್ನ ಫ್ರೆಂಡು ಅಂತ ನಾನು ಸುಳ್ಳು ಹೇಳಿದ್ದೆ.” ಅವಳು ಜೇಬಿನಿಂದ ಮಡಿಚಿಹೋದ ಎಲೆಯನ್ನೂ ತೆಗೆದು ಕೊಟ್ಟಳು. “ಇದನ್ನೂ ನಾನೇ ಕಿತ್ತಿದ್ದು.”

ಡೆಸ್ಮಂಡ್ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಒಂದೊಂದಾಗಿ ನೋಡಿದ. ಆಯ್ತು ಎಂದ. ಆಮೇಲೆ ಥ್ಯಾಂಕ್ಸ್ ಎಂದ. ಅಷ್ಟಕ್ಕೇ ಅದು ಮುಗಿಯಿತು. ಮುಂದೆ ಕಾರಿಡಾರಿನಲ್ಲಿ ಎದುರಾದಾಗ ಅವನು ಗದ್ದ ಎತ್ತಿ ಗುರುತಿನ ಸನ್ನೆ ಮಾಡುತ್ತಿದ್ದ. ಕಾರ್ಲಿಸ್ ಅವಳನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದಳು. ಗೋಡೆಯಾಚೆಯ ಮಾತು ಈಗ ಪಿಸುಗುಟ್ಟುವಿಕೆಗೆ ಇಳಿದಿತ್ತು. ರಾನಿಯಾ ಮಾತಾಡಲಿಲ್ಲ, ಮುಖ ತಿರುಗಿಸಲೂ ಇಲ್ಲ.

ಸಂಜೆಯ ಫೋನುಗಳು ಚಿಕ್ಕದಾದವು. ಮೊದಮೊದಲು ಅಮ್ಮನಿಗೂ ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ. ಏನು ತಿಂದೆ ಎನ್ನುವಳು. ಸೂಪು ಎನ್ನುವಳು ಐಲಾ. ಯಾರಾದರೂ ಮಾತಾಡಿಸಿದರಾ? ಇಲ್ಲ. ಆಮೇಲೆ ಇಬ್ಬರೂ ಸುಮ್ಮನಾಗುವರು. ಆ ಮೌನ ಐಲಾಳಿಗೆ ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತಿತ್ತು. ಒಂದು ಸಣ್ಣ ಸುಳ್ಳು ಸಾಕು, ಅಮ್ಮ ನಗುತ್ತಾಳೆ ಎಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಳ್ಳುವಳು. ಒಂದು ದಿನ ಅಮ್ಮನೇ, ತನಗೂ ಇವತ್ತು ಯಾರೂ ಸಿಗಲಿಲ್ಲ ಎಂದಳು. ನಿನ್ನ ಸುದ್ದಿ ಏನೂ ಇಲ್ಲ ಅಂದಮೇಲೆ ಅಡುಗೆಮನೆಯವರೂ ಕೇಳುವುದು ಬಿಟ್ಟರು ಎಂದಳು.

ನವೆಂಬರಿನ ಒಂದು ಸಂಜೆ ಐಲಾ ದಪ್ಪನೆಯ ರಸಾಯನಶಾಸ್ತ್ರದ ಪುಸ್ತಕವನ್ನು ನೆಲದ ಮೇಲಿಟ್ಟು, ತನ್ನ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಒತ್ತಿ ನಿಲ್ಲಿಸಿದಳು. ಮಂಚದ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದಳು. ಹೇಳಬೇಕಾದ್ದು ಬೇಗ ಮುಗಿಯಿತು. ನಾನು ಪಾತ್ರೆ ತೊಳೆಯುವುದಿದೆ ಎಂದ ಅಮ್ಮ ಫೋನ್ ಇಡಲಿಲ್ಲ. ಕಪಾಟಿನ ಮೇಲೆ ನಿಲ್ಲಿಸಿ ನಲ್ಲಿ ಬಿಟ್ಟಳು. ನೀರಿನ ಸದ್ದು, ತಟ್ಟೆಗೆ ತಟ್ಟೆ ತಾಗುವ ಸದ್ದು, ಅಮ್ಮ ಆಗೀಗ ಕೆಮ್ಮುವುದು. ಐಲಾ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಟಿಪ್ಪಣಿ ತೆರೆದಳು. ಕಾರಿಡಾರಿನ ಬೆಳಕು ಕೋಣೆಯ ನಡುವಿನವರೆಗೆ ಬಂದು ಬಿದ್ದಿತ್ತು. ಯಾರೋ ಒದ್ದೆ ಬೂಟಿನಲ್ಲಿ ನಡೆದು ಬಂದರು. ನೆರಳು ಹೊಸ್ತಿಲು ದಾಟಿ, ಚಾಪೆಯ ಮೇಲೆ ಒಂದು ಗಳಿಗೆ ಉದ್ದಕ್ಕೆ ಬಿದ್ದು, ಮುಂದೆ ಹೋಯಿತು. ಅವಳು ತಲೆಯೆತ್ತಿ ನೋಡಿ, ಮತ್ತೆ ಓದಲು ತೊಡಗಿದಳು. ಅತ್ತ ಅಮ್ಮ ನಲ್ಲಿ ನಿಲ್ಲಿಸಿ, ಬಟ್ಟೆಯಿಂದ ಒಂದೊಂದೇ ತಟ್ಟೆ ಒರೆಸುತ್ತಿದ್ದಳು.